ಎರೆಯ ನೆಲ: ಹೆಸರು, ಗುಣ, ನೆಲೆ

೧

ಕನ್ನಡ ಶಾಸನಗಳನ್ನು ಓದುವವರಿಗೆ ದಾನಭಾಗವು ಸಾಮಾನ್ಯವಾಗಿ ರುಚಿಸುವುದಿಲ್ಲ. ಪ್ರಶಸ್ತಿಯ ಕಂದ ವೃತ್ತಗಳನ್ನು ಆದರದಿಂದ ಓದಿ, ಮತ್ತರು ಕಮ್ಮಗಳ ಲೆಕ್ಕವೂ ಎಲ್ಲೆಗಳ ವಿವರವೂ ಬಂದೊಡನೆ ಹಾಳೆಯನ್ನು ಮಗುಚುವುದು ನಮ್ಮ ವಾಡಿಕೆ. ಆದರೆ ಆ ಭಾಗದಲ್ಲಿಯೇ ನಮ್ಮ ಪೂರ್ವಿಕರು ನೆಲವನ್ನು ಹೇಗೆ ಕಂಡರು, ಹೇಗೆ ವಿಂಗಡಿಸಿದರು ಎಂಬ ವಿಷಯವು ಅಡಗಿರುವುದು. ಅದನ್ನು ತಿಳಿಯದೆ ಅರ್ಥ ಹೇಳಹೊರಟವನು ಎಲ್ಲಿ ಎಡವುವನೆಂಬುದಕ್ಕೆ ನಾನೇ ನಿದರ್ಶನ.

ಪಾಠಶಾಲೆಯ ವ್ಯಾಸಂಗವನ್ನು ಮುಗಿಸಿದ ಹೊಸತರಲ್ಲಿ, ಹಿರಿಯರೊಬ್ಬರು ಕೊಟ್ಟಿದ್ದ ಶಾಸನಪ್ರತಿಯೊಂದರಲ್ಲಿ ‘ಎರೆಯ ಕೆಯ್’ ಎಂಬ ಮಾತು ನನಗೆ ಎದುರಾಯಿತು. ಎರೆಯನೆಂದರೆ ಒಡೆಯನಷ್ಟೆ? ಆದುದರಿಂದ ‘ಒಡೆಯನ ಹೊಲ’ ಎಂದು ಅರ್ಥ ಬರೆದು, ಅರಸರ ಖಾಸಾ ಭೂಮಿಯ ವಿಷಯವಾಗಿ ಅರ್ಧ ಪುಟದ ಟಿಪ್ಪಣಿಯನ್ನೂ ಸೇರಿಸಿದೆನು. ಅದನ್ನು ಓದಿ ಹೇಳುತ್ತಿದ್ದಾಗ ನವಲಗುಂದದ ಕಡೆಯ ಒಬ್ಬ ಹಿರಿಯ ಒಕ್ಕಲಿಗರು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. “ಪಂಡಿತರ, ಎರಿ ಹೊಲ ಅಂದ್ರ ಕರೀ ಮಣ್ಣಿನ ಹೊಲ ರೀ. ಇದರಾಗ ಒಡೆಯ ಎಲ್ಲಿಂದ ಬಂದ?” ಎಂದರು. ನನ್ನ ಅರ್ಧ ಪುಟದ ಟಿಪ್ಪಣಿಯು ಅಲ್ಲಿಗೆ ಮುಗಿಯಿತು.

ಎರೆ ಎಂಬ ರೂಪವು ಇಂದಿನ ಬರಹದಲ್ಲಿ ಹಲವು ಶಬ್ದಗಳಿಗೆ ಸಮಾನವಾಗಿದೆ. ನೀರೆರೆಯುವುದೂ ಎರೆ, ಬೇಡುವುದೂ ಎರೆ, ನೆಲದೊಳಗಿನ ಹುಳುವೂ ಎರೆ, ಕರಿಯ ಮಣ್ಣೂ ಎರೆ. ಒಡೆಯನನ್ನು ಹೇಳುವ ಎರೆಯ ಶಬ್ದವೂ ಷಷ್ಠಿಯ ರೂಪದೊಡನೆ ಬೆರೆತುಹೋಗುವುದು. ಇವುಗಳಲ್ಲಿ ಯಾವುದು ಪ್ರಕೃತವೆಂಬುದನ್ನು ವ್ಯಾಕರಣವೊಂದೇ ನಿರ್ಣಯಿಸಲಾರದು. ಆ ಮಾತು ಹುಟ್ಟಿದ ನೆಲವನ್ನೂ ಕೇಳಬೇಕಾಗುವುದು. ಅದಕ್ಕಾಗಿ ಈ ಮಣ್ಣಿನ ಗುಣ, ವರ್ಗ, ನೆಲೆಗಳನ್ನು ಇಂದಿನ ಶಾಸ್ತ್ರವು ತಿಳಿಸುವಂತೆ ಸಂಗ್ರಹಿಸಿ, ಅದರಿಂದ ಶಬ್ದಾರ್ಥಕ್ಕೆ ಆಗುವ ಉಪಕಾರವನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಸಂಸ್ಕೃತ ಪರಂಪರೆಯನ್ನು ನೋಡೋಣ. ಅಮರಸಿಂಹನು ಭೂಮಿವರ್ಗದಲ್ಲಿ ಮಣ್ಣಿಗೆ ಮೃತ್, ಮೃತ್ತಿಕಾ ಎಂಬ ಸಾಮಾನ್ಯನಾಮಗಳನ್ನೂ, ಒಳ್ಳೆಯ ಮಣ್ಣಿಗೆ ಮೃತ್ಸಾ, ಮೃತ್ಸ್ನಾ ಎಂಬ ವಿಶೇಷನಾಮಗಳನ್ನೂ ಕೊಟ್ಟಿರುವನು. ಸಕಲ ಸಸ್ಯಗಳಿಂದ ತುಂಬಿದ ಭೂಮಿ ಉರ್ವರಾ. ಕ್ಷಾರವುಳ್ಳ ಮಣ್ಣು ಊಷ, ಅದುಳ್ಳ ಭೂಮಿ ಊಷರ. ಉಳದೆ ಬಿಟ್ಟದ್ದು ಖಿಲ ಅಥವಾ ಅಪ್ರಹತ. ಈ ವಿಭಾಗವು ಬಹುಮಟ್ಟಿಗೆ ಫಲವನ್ನು ಅನುಸರಿಸಿದ್ದು. ಅದೇ ವರ್ಗದಲ್ಲಿ ನೀರಿನ ಮೂಲವನ್ನು ಅನುಸರಿಸಿ ಮತ್ತೊಂದು ವಿಭಾಗವಿರುವುದು. ನದಿಯ ನೀರಿನಿಂದ ಬೆಳೆಯುವ ದೇಶ ನದೀಮಾತೃಕ, ಮಳೆಯ ನೀರಿನಿಂದ ಬೆಳೆಯುವ ದೇಶ ದೇವಮಾತೃಕ. ಈ ಎರಡು ಶಬ್ದಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುವೆನು. ಲೇಖನದ ಕೊನೆಯಲ್ಲಿ ಅವು ಮತ್ತೆ ಬೇಕಾಗುವುವು.

ವೈದ್ಯಶಾಸ್ತ್ರವು ಮೂರನೆಯ ದಾರಿಯನ್ನು ಹಿಡಿದಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿರುವ ಭೂಮಿಪ್ರವಿಭಾಗದ ಅಧ್ಯಾಯವು ಔಷಧಿಗಳನ್ನು ಎಂಥ ನೆಲದಿಂದ ತರಬೇಕೆಂದು ಹೇಳುವಾಗ ಬಣ್ಣ, ಭಾರ, ಸ್ನಿಗ್ಧತೆ, ಅಲ್ಲಿ ಬೆಳೆಯುವ ಮರಗಿಡಗಳು, ಇವುಗಳಿಂದ ಭೂಮಿಯನ್ನು ಪಂಚಭೂತಗಳಿಗೆ ಅನುಸಾರವಾಗಿ ವಿಂಗಡಿಸುವುದು. ಭಾರವಾದ, ಸ್ಥಿರವಾದ, ಕಪ್ಪುಬಣ್ಣದ ನೆಲವು ಪೃಥಿವೀಗುಣವೇ ಹೆಚ್ಚಾಗಿ ಉಳ್ಳುದೆಂಬುದು ಅಲ್ಲಿನ ಅಭಿಪ್ರಾಯ. ಎರೆಯ ಭಾರವನ್ನು ಬಲ್ಲವರು ಇದನ್ನು ಒಪ್ಪುವರು, ‘ಸ್ಥಿರ’ವೆಂಬುದನ್ನು ಮಾತ್ರ ಒಪ್ಪಲಾರರು. ಏಕೆಂದರೆ ಎರೆಯಷ್ಟು ಅಸ್ಥಿರವಾದ ಮಣ್ಣು ಮತ್ತೊಂದಿಲ್ಲವೆಂದು ಮುಂದೆ ತಿಳಿಯುವುದು.

ಇನ್ನು ಕನ್ನಡದ ಹೆಸರುಗಳು. ಬಯಲುಸೀಮೆಯ ಒಕ್ಕಲು ಮಕ್ಕಳ ಬಾಯಲ್ಲಿ ಎರೆ, ಮಸಾರಿ, ಮಡ್ಡಿ, ಗರಸು, ಜೇಡಿ, ಗೋಡು, ಸವಳು ಎಂಬ ಮಾತುಗಳಿವೆ. ಎರೆ ಕರಿಯ ಜಿಗುಟು ಮಣ್ಣು. ಮಸಾರಿ ಕೆಂಪು ಛಾಯೆಯ ಹಗುರ ಮಣ್ಣು. ಮಡ್ಡಿ ದಿಣ್ಣೆಯ ಗಡುಸು ನೆಲ. ಗರಸು ಹರಳುಗಲ್ಲು ಬೆರೆತದ್ದು. ಗೋಡು ನೀರು ತಂದು ನಿಲ್ಲಿಸಿದ ನುಣ್ಣನೆಯ ಮಣ್ಣು. ಸವಳು ಉಪ್ಪು ಮೇಲೆದ್ದ ನೆಲ, ಅಮರನ ಊಷ. ಈ ಹೆಸರುಗಳು ಫಲವನ್ನಾಗಲಿ ಭೂತವನ್ನಾಗಲಿ ಹೇಳುವುದಿಲ್ಲ. ಕಾಲಿಗೂ ಕೈಗೂ ಕುಂಟೆಗೂ ಆ ಮಣ್ಣು ಹೇಗೆ ಸಿಕ್ಕುವುದೆಂಬುದನ್ನು ಹೇಳುವುವು. ಒಂದು ಹೆಸರನ್ನು ಕೇಳಿದೊಡನೆ ಬಣ್ಣ, ಕಣ, ನೀರಿನೊಡನೆ ಅದರ ನಡತೆ, ಬಿತ್ತುವ ಕಾಲ, ಇವೆಲ್ಲವೂ ಕೇಳಿದವನ ಮನಸ್ಸಿಗೆ ಬರುವುವು.

೩

ಈಗ ಎರೆಯ ಗುಣಗಳು. ಬೇಸಗೆಯಲ್ಲಿ ಎರೆಯ ಹೊಲದಲ್ಲಿ ನಡೆಯುವವನು ಕೆಳಗೆ ನೋಡಿ ನಡೆಯಬೇಕು. ನೆಲವು ಎಲ್ಲೆಡೆಯೂ ಬಾಯಿ ಬಿಟ್ಟಿರುವುದು. ಬಿರುಕುಗಳು ಬಹುಭುಜದ ಆಕೃತಿಗಳಾಗಿ ಹರಡಿ, ಆಳವಾದ ಎರೆಯಲ್ಲಿ ಒಂದು ಮೀಟರಿನವರೆಗೂ ಇಳಿಯುವುದುಂಟು. ಅದೇ ಹೊಲಕ್ಕೆ ಮಳೆ ಬಿದ್ದ ಮೇಲೆ ಹೋದರೆ ಬಿರುಕಿನ ಗುರುತೂ ಇಲ್ಲ. ಮಣ್ಣು ಉಬ್ಬಿ, ಮುಚ್ಚಿಕೊಂಡು, ಅಂಟಾಗಿ, ಹೆಜ್ಜೆಗೊಂದು ಹೆಂಟೆಯಂತೆ ಕಾಲಿಗೆ ಹತ್ತುವುದು. ಗಾಡಿಯ ಚಕ್ರಗಳು ಹೂತುಹೋಗುವುವು.

ಇದಕ್ಕೆ ಕಾರಣ ಮಣ್ಣಿನ ಅತಿಸೂಕ್ಷ್ಮ ಕಣಗಳು. ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಪಾಲಿಗಿಂತ ಚಿಕ್ಕವಾದ ಕಣಗಳನ್ನು ಜೇಡಿಯ ಕಣಗಳೆಂದು ಶಾಸ್ತ್ರಜ್ಞರು ಕರೆಯುವರು. ಎರೆಯಲ್ಲಿ ಇವು ನೂರಕ್ಕೆ ೩೦ಕ್ಕಿಂತ ಕಡಮೆಯಿರುವುದಿಲ್ಲ, ಅನೇಕ ವೇಳೆ ೫೦ನ್ನೂ ಮೀರುವುವು. ಆದರೆ ಸಂಖ್ಯೆಗಿಂತ ಜಾತಿಯು ಮುಖ್ಯ. ಕೆಂಪು ನೆಲದ ಜೇಡಿಯಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಎಂಬ ಖನಿಜದ ಪದರಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿರುವುದರಿಂದ ಅವುಗಳ ನಡುವೆ ನೀರು ಹೊಗದು. ಎರೆಯಲ್ಲಿ ಪ್ರಧಾನವಾದ ಸ್ಮೆಕ್ಟೈಟ್ ಜಾತಿಯ ಖನಿಜಗಳಲ್ಲಿ ಪದರಗಳ ಬಂಧ ಸಡಿಲ. ನೀರು ನಡುವೆ ನುಗ್ಗಿದಾಗ ಪದರಗಳು ದೂರ ಸರಿದು ಮಣ್ಣು ಉಬ್ಬುವುದು, ನೀರು ಆರಿದಾಗ ಹತ್ತಿರ ಬಂದು ಕುಗ್ಗುವುದು. ಪುಸ್ತಕದ ಹಾಳೆಗಳು ನೆನೆದಾಗ ದಪ್ಪವಾಗುವಂತೆ ಇದನ್ನು ಭಾವಿಸಬಹುದು.

ಈ ಉಬ್ಬರ ಕುಗ್ಗುಗಳಿಂದ ಮಣ್ಣು ತನ್ನೊಳಗೆ ತಾನೇ ಚಲಿಸುವುದು. ಬೇಸಗೆಯಲ್ಲಿ ಮೇಲಿನ ಹುಡಿಯು ಬಿರುಕುಗಳಲ್ಲಿ ಬಿದ್ದು ಕೆಳಗೆ ಸೇರುವುದು. ಮಳೆಗಾಲದಲ್ಲಿ ಕೆಳಗಿನ ಮಣ್ಣು ಉಬ್ಬಲು ಎಡೆಯಿಲ್ಲದೆ ಪಕ್ಕಕ್ಕೂ ಮೇಲಕ್ಕೂ ಒತ್ತುವುದು. ಹೀಗೆ ಒಂದರ ಮೇಲೊಂದು ಜಾರಿ ಉಜ್ಜಿದ ಗುರುತುಗಳು, ಎಣ್ಣೆ ಹಚ್ಚಿ ಒರಸಿದಂತೆ ನುಣುಪಾದ ಓರೆಮುಖಗಳಾಗಿ, ಗುಂಡಿ ತೋಡಿದಾಗ ಕಣ್ಣಿಗೆ ಕಾಣುವುವು. ಎರೆಯ ನೆಲದ ಮೇಲೆ ಆಳವಿಲ್ಲದ ಅಡಿಪಾಯದಿಂದ ಎಬ್ಬಿಸಿದ ಗೋಡೆಯು ಬಿರುಕು ಬಿಡುವುದಕ್ಕೂ ಇದೇ ಕಾರಣ. ಸುಶ್ರುತನ ಸ್ಥಿರಭೂಮಿಯು ಎರೆಯಾಗಲಾರದೆಂದು ಹೇಳಿದುದು ಇದರಿಂದ.

ಬಣ್ಣದ ವಿಷಯದಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಕಪ್ಪಾಗಿರುವುದರಿಂದ ಈ ಮಣ್ಣಿನಲ್ಲಿ ಗೊಬ್ಬರದಂಶ ಹೇರಳವಾಗಿರಬೇಕೆಂದು ಅನೇಕರು ಎಣಿಸುವರು. ರಷ್ಯಾ ದೇಶದ ಕರಿಮಣ್ಣಿನಲ್ಲಿ ಅದು ನಿಜ. ೧೮೮೩ರಲ್ಲಿ ಡೊಕುಚೇವ್ ಎಂಬ ವಿದ್ವಾಂಸನು ಆ ಮಣ್ಣಿನ ಮೇಲೆ ಬರೆದ ಗ್ರಂಥದಿಂದಲೇ ಇಂದಿನ ಮೃತ್ತಿಕಾಶಾಸ್ತ್ರವು ಮೊದಲಾಯಿತೆನ್ನಬಹುದು. ನಮ್ಮ ಎರೆಯಲ್ಲಿ ಜೀವಜನ್ಯವಾದ ಅಂಗಾರವು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಇರುವ ಸ್ವಲ್ಪವು ಸ್ಮೆಕ್ಟೈಟ್ ಕಣಗಳೊಡನೆ ಬಿಗಿಯಾಗಿ ಬೆರೆತು ಕಪ್ಪುಬಣ್ಣವನ್ನು ಕೊಡುವುದು. ಸಾರಜನಕವೂ ಕಡಮೆಯೇ. ಆದರೆ ಸುಣ್ಣ, ಮೆಗ್ನೀಸಿಯಂ ಮುಂತಾದುವು ಸಮೃದ್ಧವಾಗಿವೆ. ಕೆಳಪದರದಲ್ಲಿ ಸುಣ್ಣದ ಹರಳುಗಳು ಸಿಕ್ಕುವುವು. ಮಣ್ಣಿನ ರಸವು ಕ್ಷಾರದ ಕಡೆಗೆ ವಾಲಿರುವುದು. ಎರೆಯ ಹಿರಿಮೆಯಿರುವುದು ಗೊಬ್ಬರದಲ್ಲಲ್ಲ, ನೀರನ್ನು ಹಿಡಿದಿಡುವ ಶಕ್ತಿಯಲ್ಲಿ. ಒಂದು ಮೀಟರಿಗಿಂತ ಆಳವಾದ ಎರೆಯು ಬೆಳೆಗೆ ದೊರೆಯುವಂತೆ ಸುಮಾರು ೨೦೦ ಮಿಲಿಮೀಟರ್ ಮಳೆಯ ನೀರನ್ನು ತನ್ನಲ್ಲಿ ಅಡಗಿಸಿಕೊಳ್ಳಬಲ್ಲದು.

೪

ಇಂದಿನ ವರ್ಗೀಕರಣದಲ್ಲಿ ಆಳವಾದ ಎರೆಯು ‘ವರ್ಟಿಸಾಲ್’ ಎಂಬ ಗಣಕ್ಕೆ ಸೇರಿದುದು. ಅಮೆರಿಕದಲ್ಲಿ ೧೯೬೦ರಲ್ಲಿ ಪ್ರಕಟವಾಗಿ ೧೯೭೫ರಲ್ಲಿ ಪೂರ್ಣರೂಪವನ್ನು ತಳೆದ ಪದ್ಧತಿಯಲ್ಲಿ ಈ ಹೆಸರು ಬಳಕೆಗೆ ಬಂದಿತು. ಆ ಪದ್ಧತಿಯಲ್ಲಿ ಈಗ ಹನ್ನೆರಡು ಗಣಗಳಿವೆ. ಮೇಲೆ ಹೇಳಿದ ಜೇಡಿಯ ಪ್ರಮಾಣ, ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕು, ಒಳಗಿನ ನುಣುಪಾದ ಜಾರುಮುಖ, ಈ ಮೂರು ಲಕ್ಷಣಗಳು ಕೂಡಿದಲ್ಲಿ ವರ್ಟಿಸಾಲ್ ಎನಿಸುವುದು. ಅವು ಅಪೂರ್ಣವಾಗಿರುವ ತೆಳುವಾದ ಕರಿಮಣ್ಣುಗಳು ಬೇರೆ ಗಣಗಳಿಗೆ ಸೇರುವುವು. ಲಕ್ಷಣಗಳಲ್ಲಿ ಬಣ್ಣವು ಇಲ್ಲವೆಂಬುದು ಗಮನಾರ್ಹ.

ಹೆಸರಿನ ನಿರ್ವಚನವು ಸಂಸ್ಕೃತಜ್ಞರಿಗೆ ಪ್ರಿಯವಾಗತಕ್ಕದ್ದು. ಲ್ಯಾಟಿನ್ ಭಾಷೆಯಲ್ಲಿ ತಿರುಗು, ಮಗುಚು ಎಂಬ ಅರ್ಥದ ಧಾತುವಿನಿಂದ ಇದು ನಿಷ್ಪನ್ನವಾಗಿದೆ. ನಮ್ಮ ‘ವೃತ್’ ಧಾತುವು ಅದರ ಜ್ಞಾತಿ. ವರ್ತನೆ, ಆವರ್ತ, ಪರಿವರ್ತನೆಗಳು ಯಾವ ಮೂಲದಿಂದ ಬಂದುವೋ ಆ ಮೂಲದಿಂದಲೇ ಈ ಮಣ್ಣಿಗೂ ಹೆಸರು ಬಂದಿರುವುದು. ತನ್ನನ್ನು ತಾನೇ ಮಗುಚಿಕೊಳ್ಳುವ ಇದನ್ನು ‘ಪರಿವರ್ತಿನೀ ಮೃತ್ತಿಕೆ’ ಎಂದರೆ ತಪ್ಪಾಗದು. ಆಂಗ್ಲ ಗ್ರಂಥಗಳಲ್ಲಿ ಇದಕ್ಕೆ ಹಿಂದೆ ಇದ್ದ ‘ರೆಗುರ್’ ಎಂಬ ಹೆಸರು ತೆಲುಗಿನ ‘ರೇಗಡಿ’ಯ ವಿಕಾರ.

ಗಣದ ಒಳವಿಭಾಗವು ಇನ್ನೂ ಸ್ವಾರಸ್ಯವಾದುದು. ವರ್ಷದಲ್ಲಿ ಎಷ್ಟು ದಿನ ಬಿರುಕುಗಳು ತೆರೆದಿರುವುವೆಂಬುದೇ ಅಲ್ಲಿ ಮುಖ್ಯವಾದ ಆಧಾರ. ದಖ್ಖಣದ ಎರೆಯಲ್ಲಿ ಬಿರುಕುಗಳು ಒಟ್ಟು ೯೦ ದಿನಗಳಿಗೆ ಕಡಮೆಯಿಲ್ಲದೆ ತೆರೆದಿರುವುದರಿಂದ ಅದಕ್ಕೆ ‘ಅಸ್ಟರ್ಟ್’ ಎಂಬ ಉಪಗಣ. ಮಣ್ಣನ್ನು ಪಂಚಾಂಗದಿಂದ ವಿಂಗಡಿಸುವ ಈ ಕ್ರಮವನ್ನು ಕಂಡಾಗ, ಎರೆಯನ್ನು ಅದರ ನಡತೆಯಿಂದಲೂ ಋತುವಿನಿಂದಲೂ ಗುರುತಿಸುವ ನಮ್ಮ ಒಕ್ಕಲಿಗರ ದೃಷ್ಟಿಗೂ ಇದಕ್ಕೂ ಬಹಳ ದೂರವಿಲ್ಲವೆಂದು ತೋರುವುದು.

೫

ಇನ್ನು ನೆಲೆ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ದಖ್ಖಣದಲ್ಲಿ ಲಾವಾರಸವು ಹೊರಳಿ ಹರಿದು ಬಸಾಲ್ಟ್ ಶಿಲೆಯಾಯಿತು. ಅದು ಶಿಥಿಲವಾಗಿ ಕರಿಮಣ್ಣಾಯಿತೆಂಬುದು ಪಾಠಪುಸ್ತಕಗಳಲ್ಲಿ ಪ್ರಸಿದ್ಧವಾದ ಮಾತು. ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ಸರಿ. ಆದರೆ ಗದಗ, ನವಲಗುಂದ, ಬಳ್ಳಾರಿ, ರಾಯಚೂರುಗಳ ಕಡೆ ತಳದಲ್ಲಿರುವುದು ಬಸಾಲ್ಟ್ ಅಲ್ಲ. ಅದಕ್ಕಿಂತ ಬಹಳ ಪ್ರಾಚೀನವಾದ ಧಾರವಾಡ ಪದರಶಿಲೆಗಳೂ ನೈಸ್ ಶಿಲೆಗಳೂ ಅಲ್ಲಿವೆ. ಆದರೂ ಮೇಲೆ ಎರೆಯೇ ಇರುವುದು. ಆದುದರಿಂದ ಶಿಲೆಯೊಂದೇ ಕಾರಣವಲ್ಲ.

ಉಳಿದ ಕಾರಣಗಳು ಮಳೆ ಮತ್ತು ಇಳಿಜಾರು. ಎತ್ತರದ ನೆಲದಲ್ಲಿ ಮಳೆಯ ನೀರು ಸುಣ್ಣ ಮೊದಲಾದುವನ್ನು ತೊಳೆದೊಯ್ಯುವುದು. ಅಲ್ಲಿ ಕಬ್ಬಿಣದ ಕಿಟ್ಟವು ಉಳಿದು ಮಣ್ಣು ಕೆಂಪಾಗುವುದು. ತೊಳೆದುಹೋದ ದ್ರವ್ಯಗಳು ಕೆಳಗಿನ ಬಯಲಿನಲ್ಲಿ ನಿಂತು, ಮಳೆ ಮಿತವಾಗಿರುವುದರಿಂದ ಮುಂದಕ್ಕೆ ಹೋಗಲಾರದೆ, ಸ್ಮೆಕ್ಟೈಟ್ ಆಗಿ ಕೂಡುವುವು. ಆದುದರಿಂದಲೇ ಗದಗಿನ ಬಳಿಯ ಕಪ್ಪತಗುಡ್ಡದಿಂದ ಇಳಿದು ಬಯಲಿಗೆ ಬರುವವನು ಒಂದೇ ದಿನದ ನಡಿಗೆಯಲ್ಲಿ ಮಡ್ಡಿ, ಗರಸು, ಮಸಾರಿ, ಎರೆಗಳನ್ನು ಕ್ರಮವಾಗಿ ತುಳಿಯುವನು. ಪಶ್ಚಿಮದಲ್ಲಿ ಮಳೆ ಹೆಚ್ಚಾದ ಮಲೆನಾಡಿನ ಕೆಂಪು ನೆಲದಿಂದ ಹೊರಟು, ಧಾರವಾಡವನ್ನು ದಾಟಿ ಪೂರ್ವಕ್ಕೆ ಹೋಗುವವನಿಗೂ ಇದೇ ಪರಿವರ್ತನೆಯು ದೊಡ್ಡ ಪ್ರಮಾಣದಲ್ಲಿ ಕಾಣುವುದು. ನವಲಗುಂದದ ಬಯಲಿನಲ್ಲಿ ಬೆಣ್ಣೆಹಳ್ಳವು ಹರಿಯುವ ಪ್ರದೇಶವು ಎರೆಸೀಮೆಯ ನಡುಮನೆ.

ಇಲ್ಲಿ ಪ್ರಾಚೀನ ದೇಶನಾಮಗಳು ಸಾಕ್ಷಿಗೆ ಬರುವುವು. ಅಣ್ಣಿಗೇರಿ, ಗದಗ, ಲಕ್ಕುಂಡಿಗಳನ್ನೊಳಗೊಂಡ ನಾಡು ಬೆಳ್ವೊಲ ಮುನ್ನೂರು. ಅದರ ಉತ್ತರಕ್ಕೆ ಪಟ್ಟದಕಲ್ಲಿನ ಕಡೆಯದು ಕಿಸುಕಾಡು ಎಪ್ಪತ್ತು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಕಿಸು ಎಂದರೆ ಕೆಂಪು. ಬಾದಾಮಿ ಪಟ್ಟದಕಲ್ಲುಗಳ ಕೆಂಪು ಮರಳುಗಲ್ಲನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ಬೇರೆ ಹೇಳಬೇಕಾಗಿಲ್ಲ. ಬೆಳ್ವೊಲದ ಪೂರ್ವಪದವನ್ನು ‘ಬೆಳೆ’ ಎಂದೂ ತೆಗೆದುಕೊಳ್ಳಬಹುದು, ಬಿಳಿದೆಂಬ ಅರ್ಥದ ‘ಬೆಳ್’ ಎಂದೂ ತೆಗೆದುಕೊಳ್ಳಬಹುದು. ಕರಿಯ ನೆಲವನ್ನು ಬಿಳಿಯ ಹೊಲವೆನ್ನುವುದು ಅಸಂಗತವಾದುದರಿಂದ ಮೊದಲನೆಯ ಪಕ್ಷವೇ ನನಗೆ ಸಾಧುವಾಗಿ ತೋರುವುದು. ಬಿಳಿಜೋಳದ ತೆನೆಗಳಿಂದ ಹೊಲ ಬಿಳಿದಾಯಿತೆಂದು ಯಾರಾದರೂ ಸಮಾಧಾನ ಹೇಳಿದರೆ ಅದು ಕವಿಗೆ ಒಪ್ಪುವುದು, ಕರಣಿಕನಿಗೆ ಒಪ್ಪದು. ಏನೇ ಆಗಲಿ, ಒಂದು ಮೇರೆಯಲ್ಲಿ ಬೆಳೆಯ ನಾಡು, ಅದರಾಚೆ ಕೆಂಪು ಕಾಡು. ಭೂಪಟದಲ್ಲಿ ಮಣ್ಣಿನ ಬಣ್ಣಗಳನ್ನು ತುಂಬುವವನೂ ಇದಕ್ಕೆ ಹತ್ತಿರವಾಗಿಯೇ ಗೆರೆಯೆಳೆಯುವನು.

ಕವಿರಾಜಮಾರ್ಗಕಾರನು ಕನ್ನಡದ ತಿರುಳೆಂದು ಎಣಿಸಿದ ಪ್ರದೇಶವು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನದೆಂಬುದು ವಿದಿತವೇ ಆಗಿದೆ. ಪಂಪನ ತಾಯಿಯು ಬೆಳ್ವೊಲದ ಅಣ್ಣಿಗೇರಿಯ ಮನೆತನದವಳೆಂದು ಜಿನವಲ್ಲಭನ ಕುರಿಕ್ಯಾಲ ಶಾಸನದಿಂದ ತಿಳಿದುಬಂದಿದೆ. ಅಂತು ನಮ್ಮ ಸಾಹಿತ್ಯದ ತವರು ಎರೆಯೂ ಮಸಾರಿಯೂ ಸಂಧಿಸುವ ಈ ಸೀಮೆಯೇ. ಅದರ ಮಾತನ್ನು ಕಲಿಯುವವರು ಅದರ ಮಣ್ಣನ್ನು ಅರಿಯದಿರುವುದು ಉಚಿತವಲ್ಲ.

೬

ಮಣ್ಣಿನ ನಡತೆಯೇ ಒಕ್ಕಲುತನದ ಕ್ರಮವನ್ನು ನಿರ್ಣಯಿಸಿರುವುದು. ಮಸಾರಿಗೆ ಮುಂಗಾರಿ, ಎರೆಗೆ ಹಿಂಗಾರಿ. ಮುಂಗಾರಿನಲ್ಲಿ ಮೊದಲ ಮಳೆಗಳ ನೀರು ಬಿರುಕುಗಳ ಮೂಲಕ ಆಳಕ್ಕೆ ಇಳಿಯುವುದು. ಬಿರುಕು ಮುಚ್ಚಿದ ಮೇಲೆ ನೀರು ಒಳಹೊಗುವುದು ಬಹಳ ನಿಧಾನ. ಆಗ ಹೊಲದಲ್ಲಿ ಕಾಲಿಡುವುದೂ ಕಷ್ಟ, ಬಿತ್ತುವುದಂತೂ ದೂರ. ಆದುದರಿಂದ ಆಳವಾದ ಎರೆಯನ್ನು ಮಳೆಗಾಲದಲ್ಲಿ ಬರಿದಾಗಿ ಬಿಟ್ಟು, ಎಡೆ ಸಿಕ್ಕಾಗ ಕುಂಟೆ ಹೊಡೆದು, ಕಳೆಯನ್ನು ತೆಗೆದು, ಮಳೆ ಹಿಂದೆಗೆಯುವಾಗ ಹದ ನೋಡಿ ಕೂರಿಗೆಯಿಂದ ಬಿಳಿಜೋಳ, ಕಡಲೆ, ಕುಸುಬೆ, ಗೋದಿಗಳನ್ನು ಬಿತ್ತುವರು. ಮುಂದೆ ಬರುವುದು ಒಣ ಹವೆ. ಮಾಗಿಯ ಇಬ್ಬನಿಯಲ್ಲಿ, ನೆಲದೊಳಗಿನ ಹಸಿಯಿಂದಲೇ ಬೆಳೆ ತೆನೆಗಟ್ಟುವುದು.

ಹದವೆಂಬ ಶಬ್ದದ ಬೆಲೆ ಇಲ್ಲಿ ತಿಳಿಯುವುದು. ಎರೆಯಲ್ಲಿ ಹದದ ಕಾಲ ಬಹಳ ಚಿಕ್ಕದು. ಒಂದೆರಡು ದಿನ ಮುಂಚೆ ಹೋದರೆ ಅಂಟು, ಒಂದೆರಡು ದಿನ ತಡೆದರೆ ಕಲ್ಲಿನಂಥ ಹೆಂಟೆ. ನಾವು ಪಾಕದ ಹದ, ಮಾತಿನ ಹದ ಎನ್ನುವಾಗ ಬಳಸುವುದು ಈ ಒಕ್ಕಲಿಗರ ಮಾತನ್ನೇ. ಕಾವ್ಯವಿಚಾರದಲ್ಲಿ ಔಚಿತ್ಯವೆಂದು ಉಪದೇಶಿಸುವುದಕ್ಕೆ ಎರೆಸೀಮೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯಲಾರದು.

೭

ಎರೆಯು ಸ್ವಭಾವತಃ ದೇವಮಾತೃಕ. ಮಿತವಾದ ಮಳೆಯನ್ನು ಕುಡಿದು ಕೂಡಿಡುವುದು ಅದರ ಧರ್ಮ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿಗಳ ಎರೆಯ ಬಹುಭಾಗವು ನದೀಮಾತೃಕವಾಯಿತು. ಕಾಲುವೆಯ ನೀರು ಬಡತನವನ್ನು ಕಳೆದುದೂ ಅನ್ನವನ್ನು ಹೆಚ್ಚಿಸಿದುದೂ ನಿಜ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಹಗುರವಾದ ನೀರಾವರಿಯ ಬೆಳೆಗಳಿಗೆಂದು ಯೋಜಿಸಿದ ಎಷ್ಟೋ ನೆಲದಲ್ಲಿ ಭತ್ತವನ್ನು ನಾಟಿ ನೀರು ನಿಲ್ಲಿಸಿದರು. ಒಳಗೆ ಬಸಿಯಲಾರದ ಮಣ್ಣಿನಲ್ಲಿ ನೀರಿನ ಮಟ್ಟವು ಮೇಲಕ್ಕೇರಿತು, ಅದರೊಡನೆ ಉಪ್ಪೂ ಏರಿತು. ಸೋಡಿಯಂ ಹೆಚ್ಚಾದಲ್ಲಿ ಅದು ಸುಣ್ಣದಂಶವನ್ನು ಹೊರದೂಡಿ ಜೇಡಿಯ ಕಣಗಳನ್ನು ಚದರಿಸುವುದು. ಆಗ ಮಣ್ಣು ನೆನೆದಾಗ ಕೆಸರು, ಒಣಗಿದಾಗ ಹೆಂಚು. ಉರ್ವರೆಯು ಊಷರವಾಗುವ ಬಗೆ ಇದು. ಬಸಿಗಾಲುವೆಗಳನ್ನು ತೋಡಿ, ಸೋಡಿಯಂ ಹೆಚ್ಚಿದ ಕಡೆ ಜಿಪ್ಸಂ ಹಾಕಿ ನೆಲವನ್ನು ಮತ್ತೆ ಸರಿಪಡಿಸಬಹುದು. ಆದರೆ ಅದಕ್ಕೆ ಕಾಲವೂ ಹಣವೂ ಬೇಕು.

ಅಮರನು ದೇವಮಾತೃಕ, ನದೀಮಾತೃಕ, ಉರ್ವರಾ, ಊಷರಗಳನ್ನು ಒಂದೇ ವರ್ಗದಲ್ಲಿ ಬೇರೆ ಬೇರೆ ಭೂಮಿಗಳೆಂದು ಹೇಳಿದನು. ಒಂದೇ ಹೊಲವು ಒಬ್ಬ ಮನುಷ್ಯನ ಆಯುಷ್ಯದೊಳಗೆ ಈ ನಾಲ್ಕು ಹೆಸರುಗಳನ್ನೂ ಪಡೆಯಬಹುದೆಂಬುದನ್ನು ನಮ್ಮ ಕಾಲವು ತೋರಿಸಿತು. ಎರೆ ಎಂಬ ಹೆಸರಿನಲ್ಲಿಯೇ ‘ಇಲ್ಲಿ ನೀರು ನಿಲ್ಲಿಸಬೇಡ’ ಎಂಬ ಎಚ್ಚರಿಕೆಯು ಅಡಗಿತ್ತು. ಹೆಸರನ್ನು ಬಲ್ಲವರ ಮಾತು ಕೇಳಲ್ಪಡಲಿಲ್ಲ. ಶಬ್ದವು ಮರೆತರೆ ನಷ್ಟವಾಗುವುದು ನಿಘಂಟಿಗೆ ಮಾತ್ರವಲ್ಲ.

೮

ಕೊನೆಯದಾಗಿ ವಿದ್ವಾಂಸರಲ್ಲಿಯೂ ಉಪಾಧ್ಯಾಯರಲ್ಲಿಯೂ ಎರಡು ವಿಜ್ಞಾಪನೆಗಳು. ಶಾಸನಗಳನ್ನು ಸಂಪಾದಿಸುವವರು ದಾನಭಾಗದ ನೆಲದ ಹೆಸರುಗಳಿಗೆ ಅರ್ಥ ಬರೆಯುವ ಮುನ್ನ ಆ ಊರಿನ ಹೊಲವನ್ನು ಒಮ್ಮೆ ನೋಡಿಬರಬೇಕು. ಸಾಧ್ಯವಾಗದಿದ್ದರೆ ಆ ಊರಿನ ಒಕ್ಕಲಿಗರೊಬ್ಬರನ್ನಾದರೂ ಕೇಳಬೇಕು. ಇನ್ನು ಬಯಲುಸೀಮೆಯ ಶಾಲೆಗಳಲ್ಲಿ ಸಾಹಿತ್ಯವನ್ನು ಬೋಧಿಸುವವರು ತಮ್ಮ ವಿದ್ಯಾರ್ಥಿಗಳಿಂದ ಅವರವರ ಊರಿನ ಮಣ್ಣುಗಳ ಹೆಸರನ್ನೂ, ಪ್ರತಿಯೊಂದು ಹೆಸರಿನ ಲಕ್ಷಣವನ್ನೂ, ಅಲ್ಲಿ ಬಿತ್ತುವ ಕಾಲವನ್ನೂ ಬರೆಯಿಸಿ ಸಂಗ್ರಹಿಸಬೇಕು. ಮಣ್ಣನ್ನು ಕೈಯಲ್ಲಿ ಹಿಡಿದು ಹೆಸರು ಹೇಳಬಲ್ಲ ಅಜ್ಜಂದಿರು ಇನ್ನೂ ಕೆಲವರು ಇದ್ದಾರೆ.

ನನ್ನ ಹಳೆಯ ಟಿಪ್ಪಣಿಯನ್ನು ನಾನು ಹರಿದುಹಾಕಲಿಲ್ಲ. ‘ಒಡೆಯನ ಹೊಲ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಕರಿಯ ಮಣ್ಣಿನ ಹೊಲ’ ಎಂದು ತಿದ್ದಿ, ಅದರ ಕೆಳಗೆ ‘ಒಕ್ಕಲಿಗರಿಂದ ತಿಳಿದದ್ದು’ ಎಂದು ಬರೆದು ಇಟ್ಟಿರುವೆನು.